ನೀರು ಹುಟ್ಟುವ ದಡದಲ್ಲಿ

ಸೆಪ್ಟೆಂಬರ್ 27, 2025, ಶನಿವಾರ
ಅಹ್ಜುಮಾವಿ ಲಾವಾ ಸ್ಪ್ರಿಂಗ್ಸ್, ಉತ್ತರ ಕ್ಯಾಲಿಫೋರ್ನಿಯಾ

ಟೆಂಟಿನೊಳಗೆ ಟಾರ್ಚ್ ಹಚ್ಚಿಕೊಂಡು ಬರೆಯುತ್ತಿದ್ದೇನೆ. ಭುಜ ಎರಡೂ ಸೋತಿವೆ, ಆದರೂ ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಈ ಪಾರ್ಕಿಗೆ ಜನ ಬರುವುದು ದೋಣಿಯಲ್ಲೇ. ಮೆಕ್‌ಆರ್ಥರ್ ಊರು ದಾಟಿ ರ‍್ಯಾಟ್ ಫಾರ್ಮ್ ಎಂಬಲ್ಲಿ ಕಾರು ಬಿಟ್ಟರೆ ಮುಂದೆಲ್ಲ ನೀರು. ಇಬ್ಬರು ಕೂರುವ ಕಯಾಕ್. ಇವರು ಮುಂದೆ, ನಾನು ಹಿಂದೆ. ನಡುವೆ ಟೆಂಟು, ಸ್ಟವ್, ಒಂದು ಡಬ್ಬಿ ಪುಳಿಯೋಗರೆ ಗೊಜ್ಜು. ಬೆಳಿಗ್ಗೆಯೇ ಹೊರಡಬೇಕಿತ್ತು, ಮಧ್ಯಾಹ್ನವಾಯಿತು. ಬಿಗ್ ಲೇಕ್ ನಡುವೆ ಹೋಗುವಷ್ಟರಲ್ಲಿ ಗಾಳಿ ಎದ್ದು, ಅಲೆ ಮಡಿಲಿಗೇ ಬರತೊಡಗಿತು. "ರೀ, ಒಂದೇ ಸಮ ಹುಟ್ಟು ಹಾಕಿ, ನಿಲ್ಲಿಸಬೇಡಿ" ಎಂದು ಕೂಗಿದೆ. ಆ ಒಂದು ಗಂಟೆ ನಿಜಕ್ಕೂ ಹೆದರಿದೆ.

ದಡ ಹತ್ತಿರವಾದಂತೆ ಕಪ್ಪು ಲಾವಾ ಬಂಡೆಗಳು. ಪಾರ್ಕಿನ ಮೂರರಲ್ಲಿ ಎರಡು ಪಾಲು ಇದೇ. ಮುಟ್ಟಿದರೆ ಕೈ ತರಚುತ್ತದೆ, ತುಂಬ ಸಣ್ಣ ಸಣ್ಣ ತೂತು. ಕ್ರಿಸ್ಟಲ್ ಸ್ಪ್ರಿಂಗ್ಸ್ ಎಂಬ ಊಟೆಗಳ ಬಳಿ ಆ ಬಂಡೆಗಳ ಬುಡದಿಂದಲೇ ನೀರು ಬರುತ್ತಿದೆ. ಸದ್ದಿಲ್ಲ, ತಳದ ಮರಳು ಮಾತ್ರ ಸಣ್ಣಗೆ ಕುಣಿಯುತ್ತಿರುತ್ತದೆ. ಕೈ ಇಟ್ಟೆ, ಬೆರಳು ಜೋಮು ಹಿಡಿಯುವಷ್ಟು ತಣ್ಣಗೆ. ಉತ್ತರಕ್ಕೆ ಹತ್ತಾರು ಮೈಲಿ ಆಚೆ, ಮೆಡಿಸಿನ್ ಲೇಕ್ ಜ್ವಾಲಾಮುಖಿಯ ಎತ್ತರದಲ್ಲಿ ಬಿದ್ದ ಹಿಮ ಲಾವಾದೊಳಗೆ ಇಂಗಿ, ನೆಲದಡಿಯೇ ಹರಿದು ಇಲ್ಲಿ ಮೇಲೇಳುತ್ತದೆ.

ಅಲ್ಲೇ ಆಳವಿಲ್ಲದ ನೀರಿನಲ್ಲಿ ಮೊಣಕಾಲೆತ್ತರವೂ ಇಲ್ಲದ ಕಲ್ಲಿನ ಸಾಲುಗಳು. ಅಹ್ಜುಮಾವಿ ಜನ ಕಟ್ಟಿದ ಮೀನುಕಟ್ಟೆಗಳು. ಮೊಟ್ಟೆಯಿಡಲು ಊಟೆಯ ಬಳಿ ಬರುವ ಮೀನು ಒಳಹೊಕ್ಕ ಮೇಲೆ ಕಟ್ಟೆಯ ಬಾಯಿಗೆ ಕಲ್ಲು ಮುಚ್ಚುತ್ತಿದ್ದರಂತೆ. ಗಾರೆಯಿಲ್ಲ, ಗೂಟವಿಲ್ಲ, ಊಟೆಯ ಗುಣ, ಮೀನಿನ ನಡೆ ಎರಡೂ ತಿಳಿದವರ ಕೆಲಸ. ಪಿಟ್ ರಿವರ್ ಬುಡಕಟ್ಟಿನ ಈ ಪಂಗಡದ ಹೆಸರಿನ ಅರ್ಥವೇ ನೀರುಗಳು ಕೂಡುವ ಜಾಗ. ನಮಗೆ ಸಂಗಮ ಅಂದರೆ ಸಾಕು, ತಿಳಿಯುತ್ತದೆ. ಕಯಾಕಿನ ತಳ ಒಂದು ಕಲ್ಲಿಗೂ ತಾಗದಂತೆ ದೂರದಿಂದಲೇ ಸುತ್ತಿ ಬಂದೆವು. ಮೀನು ಹಿಡಿಯುವ ಕೆಲವರು ಆ ಸಾಲಿನ ಮೇಲೇ ನಿಂತಿದ್ದು ಕಂಡು ಹೊಟ್ಟೆ ಉರಿಯಿತು.

ಸಂಜೆ ಗಾಳಿ ಇಳಿದ ಮೇಲೆ ಶಾಸ್ತಾ ಪರ್ವತ ಕಂಡಿತು, ತುದಿ ಕೆಂಪಗೆ. ನೀರು ಕುದಿಸಿ, ಅನ್ನ ಮಾಡಿ ಗೊಜ್ಜು ಕಲಸಿದೆ. ಇವರು ಬೋಗುಣಿ ಕೆರೆದು ತಿಂದರು.

ಕಯಾಕನ್ನು ಮಗುಚಿ ಜುನಿಪರ್ ಮರಕ್ಕೆ ಕಟ್ಟಿದ್ದೇವೆ. ನಾಳೆ ಗಾಳಿ ಏಳುವ ಮುಂಚೆ ಜಾ-ಶೀ ಕ್ರೀಕಿಗೆ. ಆರಕ್ಕೆ ಅಲಾರಂ ಇಟ್ಟಿದ್ದೇನೆ.