ಇವ ಯಾರನ್ನ ನೋಡ್ತಿದಾನೆ?

"ಇವ ಯಾರನ್ನ ನೋಡ್ತಿದಾನೆ ತಮ್ಮಾ?"

ಸೋಮವಾರ ಸಂಜೆ ಗುಡಿಗಾರ ಅಜ್ಜ ಕೇಳಿದ್ದು ಇಷ್ಟೇ. ಇವತ್ತು ಶುಕ್ರವಾರ. ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ಚೌತಿಗೆ ಗಣಪತಿ ಹೇಳಿ ಬರೋಣ ಅಂತ ಹೋಗಿದ್ದೆ. ಅಜ್ಜನ ಮನೆ ಸಾಗರದಲ್ಲಿ ನಮ್ಮ ಬೀದಿಯಲ್ಲೇ, ನಾಲ್ಕು ಮನೆ ಆಚೆ. ಜೇಬಿನಲ್ಲಿ ಕನ್ನಡಕದ ಡಬ್ಬಿ, ಡಬ್ಬಿಯೊಳಗೆ ಹತ್ತಿ ಸುತ್ತಿದ ನನ್ನ ಪುಟ್ಟ ಮಾಂತ್ರಿಕ ಬೊಂಬೆ. ಹಿಂದಿನ ರಾತ್ರಿಯಷ್ಟೇ ಮುಗಿಸಿದ್ದೆ. ಶ್ರೀಗಂಧದಲ್ಲಿ ಕೆತ್ತಿ ಕೆತ್ತಿ ಕೈ ಪಳಗಿದ ಮನುಷ್ಯನಿಗೆ ಒಮ್ಮೆ ತೋರಿಸಬೇಕು ಅನ್ನಿಸಿತ್ತು.

ವಾರ್‌ಹ್ಯಾಮರ್ ಅಂತ ಒಂದು ಆಟ. 1983ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ಮೇಜಿನ ಮೇಲೆ ಸಣ್ಣ ಸೈನಿಕರ ಎರಡು ಸೈನ್ಯ, ಅಳತೆಗೆ ಟೇಪು, ಗೆಲುವು ಸೋಲಿಗೆ ದಾಳ. ಶಿವಮೊಗ್ಗದಲ್ಲಿ ಇಬ್ಬರು ಗೆಳೆಯರಿದ್ದಾರೆ, ತಿಂಗಳಿಗೊಮ್ಮೆ ಸೇರಿ ಆಡುತ್ತೇವೆ. ಈ ಆಟದಲ್ಲಿ ಬಣ್ಣ ಹಚ್ಚುವುದೂ ನಾವೇ. ನನಗಂತೂ ಅದೇ ಮುಖ್ಯ. ಇಬ್ಬರಲ್ಲಿ ಒಬ್ಬನಿಗೆ ನಿಯಮಗಳೆಲ್ಲ ಬಾಯಿಪಾಠ. ಅವನ ಸೈನ್ಯ ಇವತ್ತಿಗೂ ಬರಿ ಬೂದು ಪ್ಲಾಸ್ಟಿಕ್. "ಬಣ್ಣ ಇದ್ರೂ ಇಲ್ದಿದ್ರೂ ದಾಳ ಬೀಳೋದು ಒಂದೇ ಥರ" ಅನ್ನುತ್ತಾನೆ. ಒಳ್ಳೆಯ ಹುಡುಗ, ಆದರೆ ಈ ಒಂದು ವಿಷಯದಲ್ಲಿ ಅವನದ್ದು ಪೂರ್ತಿ ತಪ್ಪು ಅಂತ ನನಗೆ ಅನ್ನಿಸುತ್ತದೆ.

ನನ್ನದು ಕೇಯಾಸ್, ಅಂದರೆ ಆ ಆಟದ ದುಷ್ಟಶಕ್ತಿಗಳ ಕಡೆಯ ಸೈನ್ಯ. ಅದಕ್ಕೆ ಮೂವರು ಮಾಂತ್ರಿಕರು ಬೇಕಿತ್ತು. ಸಿದ್ಧ ಮಾಂತ್ರಿಕರ ಬೊಂಬೆ ಸಿಗುತ್ತದೆ. ಆದರೆ ಒಂದೊಂದಕ್ಕೂ ಜಾಸ್ತಿ ದುಡ್ಡು, ಮೇಲಾಗಿ ಎಲ್ಲರ ಹತ್ತಿರವೂ ಅದೇ ಇರುತ್ತದೆ. ಹಾಗಾಗಿ ಸಾಮಾನ್ಯ ಸೈನಿಕರನ್ನೇ ಬದಲಾಯಿಸಿದೆ. ಕತ್ತಿ ಹಿಡಿದ ಕೈಯನ್ನು ಮಣಿಕಟ್ಟಿನ ಹತ್ತಿರ ಕೊಯ್ದು, 1 ಮಿ.ಮೀ. ತೂತು ಕೊರೆದು, ಪೇಪರ್ ಕ್ಲಿಪ್ಪಿನ ತಂತಿ ತೂರಿಸಿ ದಂಡ ಕೊಟ್ಟೆ. ಶಿರಸ್ತ್ರಾಣ ತೆಗೆದು ಇನ್ನೊಂದು ಪೆಟ್ಟಿಗೆಯ ಬರಿ ತಲೆ ಅಂಟಿಸಿದೆ. ನಿಲುವಂಗಿಗೆ ಗ್ರೀನ್ ಸ್ಟಫ್. ಹಳದಿ ಪಟ್ಟಿ, ನೀಲಿ ಪಟ್ಟಿ ಎರಡನ್ನೂ ನಾದಿದರೆ ಹಸಿರು ಕಣಕ ಆಗುತ್ತದೆ. ಬೆರಳು ಒದ್ದೆ ಇರಬೇಕು, ಇಲ್ಲದಿದ್ದರೆ ಬೆರಳಿಗೇ ಅಂಟಿಕೊಳ್ಳುತ್ತದೆ. ಮೊದಲು ನಲ್ಲಿಗೆ ಹಚ್ಚುವ ಎಂ-ಸೀಲ್‌ನಲ್ಲಿ ಮಾಡಿ ನೋಡಿದ್ದೆ. ದಂಡದ ತುದಿಯ ಕಲ್ಲಿಗೆ ಅದು ಚೆನ್ನಾಗಿತ್ತು. ಬಟ್ಟೆಯ ಮಡಿಕೆಗೆ ಗ್ರೀನ್ ಸ್ಟಫ್ಫೇ ಬೇಕು, ಅದು ಸ್ವಲ್ಪ ಬಾಗುತ್ತದೆ.

ಬಣ್ಣದ ಕೆಲಸ ನಮ್ಮ ಮಳೆಗಾಲದಲ್ಲಿ ಸುಲಭವಲ್ಲ. ಬಣ್ಣಕ್ಕೆ ಮೊದಲು ತಳಕ್ಕೆ ಹಚ್ಚುವ ಪ್ರೈಮರನ್ನು ಸ್ಪ್ರೇ ಹೊಡೆದರೆ ಗಾಳಿಯ ತೇವಕ್ಕೆ ಮೈಯೆಲ್ಲ ತರಿತರಿ, ರವೆ ಉದುರಿಸಿದ ಹಾಗೆ. ಈಗ ಬ್ರಷ್ಷಿನಲ್ಲೇ ಪ್ರೈಮರ್ ಹಚ್ಚುತ್ತೇನೆ. ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್, ಅದರ ಮೇಲೆ ಬಣ್ಣ. ಡಬ್ಬಿ ಮುಚ್ಚಿಟ್ಟರೆ ಮರುದಿನವೂ ಬಣ್ಣ ಒಣಗಿರುವುದಿಲ್ಲ. ನೀರು ನೀರಾದ ಬಣ್ಣವನ್ನು ಪದರ ಪದರವಾಗಿ ಹಚ್ಚಬೇಕು. ಮಡಿಕೆಗಳಿಗೆ ವಾಶ್ ಅನ್ನುವ ತೆಳು ಕಪ್ಪು ಬಣ್ಣ ಇಳಿಸಿ, ಅಂಚುಗಳಿಗೆ ತಿಳಿ ಬಣ್ಣ ಎಳೆಯಬೇಕು. ಆ ಒಂದು ನೇರಳೆ ನಿಲುವಂಗಿಗೇ ಹನ್ನೊಂದು ರಾತ್ರಿ ಕೂತಿದ್ದೆ. ದಂಡದ ಕಲ್ಲಿನ ಹಸಿರು ಬೆಳಕು ಅವನ ಕೆನ್ನೆಗೆ, ತೋಳಿನ ಒಳಬದಿಗೆ ಬಿದ್ದ ಹಾಗೆ ಮಾಡಿದ್ದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಹಿಂದೆ ಬಂದಿರಲಿಲ್ಲ.

ಅಜ್ಜ ಪಂಚೆಗೆ ಕೈ ಒರೆಸಿಕೊಂಡು ಬೊಂಬೆಯನ್ನು ಅಂಗೈ ಮೇಲೆ ನಿಲ್ಲಿಸಿಕೊಂಡರು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದು ಮಂಜು. ದಪ್ಪ ಭೂತಗನ್ನಡಿ ಹಿಡಿದು ನಿಧಾನವಾಗಿ ತಿರುಗಿಸಿ ತಿರುಗಿಸಿ ನೋಡಿದರು. ನಿಲುವಂಗಿ ಬಗ್ಗೆ ಏನಾದರೂ ಹೇಳುತ್ತಾರೆ ಅಂತ ಕಾದೆ.

"ಇವ ಯಾರನ್ನ ನೋಡ್ತಿದಾನೆ ತಮ್ಮಾ?"

"ಶತ್ರುವನ್ನ, ಅಜ್ಜ."

"ಶತ್ರು ಎಲ್ಲಿದಾನೆ?"

"ಎದುರಿಗೆ."

ಅಜ್ಜ ಅಂಗೈಯನ್ನು ನನ್ನ ಮುಖದ ಮಟ್ಟಕ್ಕೆ ಎತ್ತಿದರು. "ಎದುರಿಗೆ ಈಗ ನೀನಿದೀಯಲ್ಲ. ನಿನ್ನ ನೋಡ್ತಿದಾನಾ, ಹೇಳು."

ಕನ್ನಡಿಯ ಹಿಂದೆ ಅವನ ಮುಖ ದೊಡ್ಡದಾಗಿ ಕಂಡಿತು. ಎರಡು ಕಣ್ಣೂ ಇದ್ದವು. ಬಿಳಿ ಇತ್ತು, ಕರಿ ಚುಕ್ಕಿ ಇತ್ತು, ಎರಡೂ ಸರಿಯಾಗಿ ನಡುವಿಗೇ ಇದ್ದವು. ಅವನು ನನ್ನನ್ನು ನೋಡುತ್ತಿರಲಿಲ್ಲ. ಯಾರನ್ನೂ ನೋಡುತ್ತಿರಲಿಲ್ಲ.

"ಕಣ್ಣು ಆಮೇಲೆ" ಅಂದರು ಅಜ್ಜ. "ಮೊದಲು ಕುತ್ತಿಗೆ. ಕುತ್ತಿಗೆ ಗೂಟದ ಹಾಗೆ ನಿಂತಿದೆ. ನೋಡೋನು ಕುತ್ತಿಗೆಯಿಂದ ನೋಡ್ತಾನೆ ಮಾರಾಯ. ಇಕ್ಕೇರಿ ನಂದಿನ ನೋಡಿದೀಯಲ್ಲ? ಎತ್ತ ನೋಡ್ತಿದಾನೆ ಅಂತ ಯಾರಾದ್ರೂ ಕೇಳ್ತಾರಾ?"

ಒಳಗೆ ಸೊಸೆ ಗಣಪತಿಯ ಕಿರೀಟಕ್ಕೆ ಬಣ್ಣ ಹಚ್ಚುತ್ತಿದ್ದರು. ಅಜ್ಜನ ಕಣ್ಣು ಮಂಜಾದಾಗಿನಿಂದ ಆ ಮನೆಯ ಗಣಪತಿಗಳಿಗೆಲ್ಲ ಕಣ್ಣು ಬರೆಯುವವರು ಅವರೇ. ಊರಲ್ಲಿ ಎಲ್ಲರೂ "ಅಜ್ಜನ ಗಣಪತಿ" ಅನ್ನುತ್ತಾರೆ. ಆ ಕಣ್ಣುಗಳನ್ನು ಬರೆದ ಕೈ ಯಾರದು ಅಂತ ಒಬ್ಬರೂ ಹೇಳುವುದಿಲ್ಲ. ನನ್ನ ಕೇಳಿದರೆ ಅವರ ಕಣ್ಣು ಅಜ್ಜನ ಕಣ್ಣಿಗಿಂತ ಚೆನ್ನ. ಅವರಿಗೆ ನಮ್ಮ ಪದ್ಧತಿ ಹೇಳಿದೆ. ಬೊಂಬೆಗೆ ಬಣ್ಣ ಹಚ್ಚುವವರು ತುಂಬ ಜನ ಕಣ್ಣನ್ನೇ ಮೊದಲು ಮುಗಿಸುತ್ತೇವೆ. ಕೈ ತಪ್ಪಿದರೆ ಮೈಬಣ್ಣದಲ್ಲಿ ಮುಚ್ಚಬಹುದು ಅಂತ. ಅವರು ಬ್ರಷ್ ನಿಲ್ಲಿಸಿದರು.

"ಹಂಗಾದ್ರೆ ಉಳಿದ ಕೆಲಸ ಮಾಡೋವಾಗೆಲ್ಲ ಅದು ನಿಮ್ಮನ್ನ ನೋಡ್ತಾ ಇರಲ್ವಾ? ನಮ್ಮಲ್ಲಿ ಕಣ್ಣು ಕೊನೆಗೆ. ಬರೆದ ಮೇಲೆ ಮತ್ತೆ ನಾವು ಬ್ರಷ್ ತಾಗಿಸಲ್ಲ."

ನನ್ನ ಬೊಂಬೆಗಳು ಹತ್ತಾರು ವರ್ಷಗಳಿಂದ ಮೊದಲೇ ಕಣ್ಣು ಬಿಟ್ಟಿವೆ. ಒಂದೂ ನನ್ನನ್ನು ನೋಡಿದ ಹಾಗೆ ಅನ್ನಿಸಿರಲಿಲ್ಲ. ಮನೆಗೆ ಬರುವಾಗ ಮಳೆಯಲ್ಲಿ ಅದನ್ನೇ ಯೋಚಿಸುತ್ತಿದ್ದೆ. 28 ಮಿ.ಮೀ. ಅಳತೆಯ ಬೊಂಬೆ ಅನ್ನುತ್ತೇವೆ. ಅದನ್ನು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುವವರು ಬೇಕಾದಷ್ಟು ಜನ ಇದ್ದಾರೆ. ಟೊಪ್ಪಿಗೆ, ಕೊಂಬು, ಜುಟ್ಟು ಲೆಕ್ಕಕ್ಕಿಲ್ಲ. ಅಳತೆ ನಿಲ್ಲುವುದೇ ಕಣ್ಣಿನ ಹತ್ತಿರ. ಇಷ್ಟು ಕಾಲ ಆ ಲೆಕ್ಕ ಬಾಯಲ್ಲಿ ಹೇಳಿಕೊಂಡು ತಿರುಗಿದ್ದೇನೆ.

ಚಿಕ್ಕವನಿದ್ದಾಗ ಗದ್ದೆ ಬಯಲಲ್ಲಿ ಯಕ್ಷಗಾನ ನೋಡಲು ಅಪ್ಪನ ಜೊತೆ ಹೋಗುತ್ತಿದ್ದೆ. ರಾಕ್ಷಸನ ವೇಷ ರಂಗಕ್ಕೆ ಬಂದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿತ್ತು. ತಲೆ ನಿಧಾನಕ್ಕೆ ತಿರುಗುತ್ತಿತ್ತು. ಕಟ್ಟಕಡೆಯ ಸಾಲಿನ ಕತ್ತಲೆಯಲ್ಲಿ ಕಂಬಳಿ ಹೊದ್ದು ಕೂತ ನನ್ನ ಮೇಲೇ ಆ ನೋಟ ಬಂದು ನಿಂತ ಹಾಗೆ ಆಗುತ್ತಿತ್ತು. ಅಪ್ಪನ ತೋಳಿಗೆ ಮುಖ ಒತ್ತಿಕೊಳ್ಳುತ್ತಿದ್ದೆ. ಆ ವೇಷದ ಬಣ್ಣ ಯಾವುದಿತ್ತೋ ನೆನಪಿಲ್ಲ.

ಈ ವಾರ ಆಫೀಸಿನ ವಿಡಿಯೋ ಮೀಟಿಂಗಿನಲ್ಲೂ ಅದೇ ಮಾತು ಕೇಳಿಸುತ್ತಿತ್ತು. ಹನ್ನೆರಡು ಮುಖ, ಒಬ್ಬರೂ ಯಾರನ್ನೂ ನೋಡುತ್ತಿಲ್ಲ. ಕ್ಯಾಮೆರಾ ಪರದೆಯ ಮೇಲಿರುತ್ತದೆ, ಮುಖಗಳು ಕೆಳಗೆ. ಎದುರಿನವರ ಮುಖ ನೋಡಿದರೆ ಅವರಿಗೆ ನಾನು ಕೆಳಗೆ ನೋಡಿದ ಹಾಗೆ ಕಾಣುತ್ತದೆ. ಕ್ಯಾಮೆರಾ ನೋಡಿದರೆ ನನಗೆ ಅವರ ಮುಖ ಕಾಣುವುದಿಲ್ಲ. ನಾಲ್ಕು ವರ್ಷದಿಂದ ಹೀಗೇ ಕೆಲಸ ಮಾಡುತ್ತಿದ್ದೇನೆ. ಒಬ್ಬರ ಕಣ್ಣಿನ ಬಣ್ಣವನ್ನೂ ಹೇಳಲಾರೆ.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅಪ್ಪನ ಫೋಟೋ ನಡುಮನೆಯ ಗೋಡೆ ಮೇಲಿದೆ. ಸ್ಟುಡಿಯೋದವನು ಯಾವತ್ತೋ ಸ್ವಲ್ಪ ಓರೆಯಾಗಿ ಕೂರಿಸಿ ತೆಗೆದದ್ದು. ಅಪ್ಪ ಅದರಲ್ಲಿ ನೇರ ನೋಡುವುದಿಲ್ಲ, ಕಿಟಕಿಯ ಕಡೆ ನೋಡುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಫೋಟೋದ ಎದುರು ನಿಲ್ಲುವುದಿಲ್ಲ. ಎರಡು ಹೆಜ್ಜೆ ಕಿಟಕಿಯ ಕಡೆ ಸರಿದು ನಿಲ್ಲುತ್ತಾರೆ. ಏಳು ವರ್ಷವಾಯಿತು. ಅಲ್ಲಿ ಜಾಗ ಇದೆ ಅಂತ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಮಂಗಳವಾರ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತವನಿಗೆ ಗೊತ್ತಾಯಿತು. ಅಮ್ಮನನ್ನು ಕೇಳಲಿಲ್ಲ.

ಬುಧವಾರ ರಾತ್ರಿ ಗರಗಸ ತೆಗೆದೆ. ಬಣ್ಣ ಮುಗಿದ ಬೊಂಬೆಯ ಕುತ್ತಿಗೆ ಕೊಯ್ಯುವುದು ಅಂದರೆ ಕೈ ನಡುಗುತ್ತದೆ. ಗಂಟಲಿನ ಹತ್ತಿರ ನೇರಳೆ ಸ್ವಲ್ಪ ಕಿತ್ತು ಬಂತು. ಎರಡನೆಯವನ ಗಡ್ಡದ ತುದಿ ಮುರಿಯಿತು. ಮೂವರನ್ನು ಮುಗಿಸುವಾಗ ಒಂದು ಗಂಟೆ. ತಂತಿ ಹಾಕಿ ತಲೆ ಕೂರಿಸುವ ಮುಂಚೆ ಪ್ರತಿಯೊಬ್ಬನಿಗೂ ಅಜ್ಜನ ಪ್ರಶ್ನೆ ಕೇಳಿದೆ. ಮೊದಲನೆಯವನು ಗಲ್ಲ ಇಳಿಸಿ ಹುಬ್ಬಿನ ಕೆಳಗಿಂದ ಎದುರು ಸೈನ್ಯವನ್ನು ನೋಡುತ್ತಾನೆ. ಎರಡನೆಯವನು ತನ್ನ ಅಂಗೈ ಮೇಲಿನ ಬೆಂಕಿಯನ್ನು ನೋಡುತ್ತಾನೆ. ಮೂರನೆಯವನ ಹತ್ತಿರ ತುಂಬ ಹೊತ್ತು ಕೂತೆ. ನಮ್ಮ ಆಟದಲ್ಲಿ ಮಂತ್ರ ಹಾಕಲು ಎರಡು ದಾಳ ಎಸೆಯುತ್ತೇವೆ, ಮಾಂತ್ರಿಕನ ಮಟ್ಟವನ್ನು ಅದಕ್ಕೆ ಕೂಡಿಸುತ್ತೇವೆ. ಎರಡರಲ್ಲೂ ಒಂದು ಬಿದ್ದರೆ ಮಂತ್ರ ಕೈತಪ್ಪಿ ಹಾಕಿದವನಿಗೇ ಹೊಡೆಯಬಹುದು. ಅದನ್ನು ಕಣ್ಣಾರೆ ಕಂಡವನು ಇವನು. ಹಾಗಾಗಿ ತಲೆಯನ್ನು ಭುಜದ ಮೇಲಿಂದ ತಿರುಗಿಸಿದೆ. ಪಕ್ಕದವನ ಅಂಗೈ ಬೆಂಕಿಯ ಮೇಲೆ ಇವನ ಕಣ್ಣು.

ಈ ಚಳಿಗೆ ಗ್ರೀನ್ ಸ್ಟಫ್ ಗಟ್ಟಿಯಾಗುವುದು ತಡ. ಬಚ್ಚಲ ಒಲೆಯಲ್ಲಿ ಅಡಿಕೆ ಸಿಪ್ಪೆ ಉರಿಯುತ್ತಿತ್ತು. ಪ್ಲಾಸ್ಟಿಕ್ ಮೆತ್ತಗಾಗದಷ್ಟು ದೂರದಲ್ಲಿ, ಕಟ್ಟೆ ಮೇಲೆ ಮೂವರನ್ನೂ ಇಟ್ಟೆ. ನಿನ್ನೆ ರಾತ್ರಿ ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಬರೆದೆ. ಕರಿಯನ್ನು ಚುಕ್ಕಿ ಇಡುವ ಬದಲು ಮೇಲಿನ ರೆಪ್ಪೆಗೆ ತಾಗುವ ಸಣ್ಣ ಗೆರೆಯಾಗಿ ಎಳೆದೆ, ನೋಟ ಇರುವ ಕಡೆಗೆ ಸರಿಸಿ. ಉಸಿರು ಹಿಡಿದು ಆರು ಗೆರೆ. ಒಂದನ್ನೂ ತಿದ್ದಲಿಲ್ಲ.

ಒಣಗಲಿ ಅಂತ ನಡುಮನೆಯ ಕಿಟಕಿ ಕಟ್ಟೆ ಮೇಲೆ ಇಟ್ಟು ಮಲಗಿದೆ. ಮಂತ್ರವಾದಿ ಬೊಂಬೆಗಳನ್ನು ದೇವರ ಕೋಣೆ ಹತ್ತಿರ ತರಬೇಡ ಅಂತ ಅಮ್ಮ ಯಾವಾಗಲೂ ಹೇಳುತ್ತಾರೆ, ಉಳಿದ ಹಾಗೆ ಅವುಗಳ ತಂಟೆಗೆ ಬರುವುದಿಲ್ಲ. ಇವತ್ತು ಬೆಳಿಗ್ಗೆ ಎದ್ದು ಬಂದಾಗ ಇಬ್ಬರು ಇಟ್ಟ ಹಾಗೇ ಇದ್ದರು. ಮೊದಲನೆಯವನು ಮಾತ್ರ ಗಾಜಿನ ಕಡೆ ಮುಖ ಮಾಡಿ ನಿಂತಿದ್ದ, ಹೊರಗಿನ ಮಳೆ ನೋಡುತ್ತಾ.

"ನಾನೇ ತಿರುಗಿಸಿದ್ದು" ಅಂದರು ಅಮ್ಮ ಕಾಫಿ ಕೊಡುತ್ತಾ. "ಕಸ ಗುಡಿಸುವಷ್ಟು ಹೊತ್ತೂ ನನ್ನನ್ನೇ ನೋಡ್ತಿದ್ದ."