75 ವರ್ಷದ ಪುರಾವೆ

ಖಾನಾಪುರ ಕಾಡಿನಾಗ ದನ ಸಾಕೋ ಗೌಳಿ ಮಂದಿಗೆ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಯೊಳಗ ಮೊದಲ ತೊಡಕು ಅಂದ್ರ 75 ವರ್ಷದ ಪುರಾವೆದ್ದು. ಪರಿಶಿಷ್ಟ ಪಂಗಡದವರಲ್ಲದ ಕಾಡುವಾಸಿಗಳು 2005ರ ಡಿಸೆಂಬರ್ 13ಕ್ಕೂ ಹಿಂದಿನ ಮೂರು ತಲೆಮಾರಿನ ವಾಸ ತೋರಿಸಬೇಕು, ತಲೆಮಾರಿಗೆ 25 ವರ್ಷದ ಲೆಕ್ಕ. ಅಷ್ಟು ವರ್ಷ ಅದೇ ಹೊಲ ಉತ್ತಿರಬೇಕಂತ ಅಲ್ಲ, ಆ ಭಾಗದಾಗ ವಾಸ ಇದ್ದು, ಬದುಕಿಗೆ ಕಾಡನ್ನ ನಂಬಿದ್ದರ ಸಾಕು. (ಇದನ್ನ ಕಚೇರಿ ಮಂದಿಗೂ ಬಿಡಿಸಿ ಹೇಳಬೇಕಾಗತೈತಿ.)

ಕಾಗದ ಇಲ್ಲಂತ ಕೈಚೆಲ್ಲಬ್ಯಾಡ್ರಿ. ಹಳೇ ಬಾವಿ, ಗೋರಿ, ದೇವರ ಬನ ಪುರಾವೆನ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆಸ್ಕೊಂಡ್ರ ಅದೂ ನಡೀತೈತಿ. ಇಂಥಾ ಪುರಾವೆ ಕನಿಷ್ಠ ಎರಡು ಬೇಕು. ತಿರಸ್ಕಾರ ಆದ್ರ ಕಾರಣ ಲಿಖಿತವಾಗಿ ಇಸ್ಕೊಂಡು 60 ದಿನದಾಗ ಮೇಲ್ಮನವಿ ಹಾಕ್ರಿ.

ಎಲ್ಲರೂ ಹೊಲದ ‘ಎ’ ನಮೂನೆ ಹಿಂದ ಬೀಳ್ತಾರ. ದನ ಮೇಯೋ ಜಾಗ, ಜೇನು, ನೀರಿನ ಹಕ್ಕಿಗೆ ‘ಬಿ’ ಐತಿ. ಕಾಡನ್ನ ಊರೇ ಕಾಯೂ ಹಕ್ಕಿಗೆ ‘ಸಿ’. ಮೇ ತಿಂಗಳದಾಗೂ ಬತ್ತದ ಝರಿ ಯಾವುದು, ಹಿರಿಯರನ್ನ ಕೇಳಿ ಈ ‘ಸಿ’ ಅರ್ಜಿಯ ನಕ್ಷೆಯೊಳಗ ಗುರುತು ಹಾಕ್ರಿ.