ನೋಡುವವರ ಪಟ್ಟಿ

ನಮ್ಮ ಸೈಕಲ್ ಬಳಗದ ಲೆಕ್ಕಪುಸ್ತಕ ನಾಲ್ಕು ವರ್ಷಗಳಿಂದ ನನ್ನ ಬಳಿ ಇದೆ. ಎಲ್ಲರೂ ಬೇಡವೆಂದ ಕೆಲಸವನ್ನು ಮೊದಲ ವರ್ಷ ಸಂಕೋಚಕ್ಕೆ ಒಪ್ಪಿಕೊಂಡೆ, ಆಮೇಲೆ ಅದು ನನ್ನ ಹೆಗಲಿಗೇ ಅಂಟಿತು. 2025ರ ನವೆಂಬರ್ ತಿಂಗಳ ಒಂದು ಭಾನುವಾರ ಬೆಳಗಿನ ಜಾವ ತುರಹಳ್ಳಿ ಗುಡ್ಡಕ್ಕೆ ಹೊರಟಾಗ ಜರ್ಸಿಯ ಬೆನ್ನಿನ ಜೇಬಿನಲ್ಲಿ ಎರಡು ಬಾಳೆಹಣ್ಣುಗಳ ಜೊತೆ ವಾರ್ಷಿಕ ಸ್ಪರ್ಧೆಯ ಖರ್ಚಿನ ಅಂದಾಜು ಪಟ್ಟಿಯೂ ಇತ್ತು. 120 ಸವಾರರು, ತಲೆಗೆ 1,400 ರೂಪಾಯಿ ಶುಲ್ಕ, ಒಟ್ಟು 1,68,000 ರೂಪಾಯಿ. ಅಂಕಿಗಳು ಎಷ್ಟು ಅಚ್ಚುಕಟ್ಟಾಗಿ ಹೊಂದಿಕೊಂಡಿದ್ದವೆಂದರೆ, ಸಭೆ ಹತ್ತು ನಿಮಿಷದಲ್ಲಿ ಮುಗಿದು ದೋಸೆಯ ಸರದಿ ಬರುತ್ತದೆಂದೇ ನಾನು ನಂಬಿದ್ದೆ.

ತುರಹಳ್ಳಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ, ಬನಶಂಕರಿ ಆರನೆಯ ಹಂತದ ಮನೆಗಳಿಗೂ ಕನಕಪುರ ರಸ್ತೆಗೂ ನಡುವೆ ಉಳಿದುಕೊಂಡಿರುವ ಬಂಡೆ, ನೀಲಗಿರಿ ಮತ್ತು ಕುರುಚಲು ಗಿಡಗಳ ಕಾಡು ಅದು. ಬೆಳಿಗ್ಗೆ ಹೋದರೆ ನವಿಲಿನ ಕೂಗು ಕೇಳಿಸುತ್ತದೆ. ಬಂಡೆ ಏರುವವರು, ಓಡುವವರು, ನಾಯಿಯೊಂದಿಗೆ ನಡೆಯುವವರು, ಮೌಂಟನ್ ಬೈಕಿನವರು ಎಲ್ಲರೂ ಎದುರಾಗುತ್ತಾರೆ. ನಗರದೊಳಗೆ ಮಣ್ಣಿನ ದಾರಿಯಲ್ಲಿ ಸೈಕಲ್ ತುಳಿಯಬೇಕೆಂಬ ಆಸೆಯುಳ್ಳ ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ಜಾಗವಿಲ್ಲ. ಆ ವರ್ಷದ ಸ್ಪರ್ಧೆಯನ್ನು ಅಲ್ಲಿನ ಟ್ರೇಲಿನಲ್ಲೇ, ಅಂದರೆ ಕಾಡಿನ ಮಣ್ಣಿನ ದಾರಿಯಲ್ಲೇ, ನಡೆಸಬೇಕೆಂಬುದು ಬಳಗದ ಕಿರಿಯರ ಹಟವಾಗಿತ್ತು. ದಾರಿಯನ್ನು ಒಮ್ಮೆ ಕಣ್ಣಾರೆ ನೋಡಿ, ಆಮೇಲೆ ದರ್ಶಿನಿಯಲ್ಲಿ ಕುಳಿತು ತೀರ್ಮಾನಿಸೋಣವೆಂದು ಹದಿನೇಳು ಮಂದಿ ಸೇರಿದ್ದೆವು.

ಆ ವರ್ಷದ ಮಳೆ ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಮೇಲಿನ ಬಂಡೆಯಿಂದ ಕೆಳಗಿಳಿಯುವ, ನಾವೆಲ್ಲ ಮೆಚ್ಚಿದ ನೇರ ಇಳಿಜಾರಿನ ಬಾಯಿಗೆ ಬಂದು ನಿಂತಾಗ ಮಾತು ತಾನಾಗಿಯೇ ನಿಂತಿತು. ಎರಡು ವರ್ಷಗಳ ಹಿಂದೆ ಒಂದು ಚಕ್ರ ಹಿಡಿಯುವಷ್ಟೇ ಅಗಲವಿದ್ದ ದಾರಿಯ ನಡುವೆ ಈಗ ಕೊರಕಲು ಬಿದ್ದಿತ್ತು. ನನ್ನ ಕೈಪಂಪನ್ನು ಅದರೊಳಗೆ ನಿಲ್ಲಿಸಿ ನೋಡಿದೆ. ಪಂಪು ಪೂರ್ತಿ ಮುಳುಗಿತು. ಕೊರಕಲನ್ನು ತಪ್ಪಿಸಲು ಸವಾರರು ಎಡಕ್ಕೆ ಒಂದು, ಬಲಕ್ಕೆ ಎರಡು ಹೊಸ ದಾರಿಗಳನ್ನು ಮಾಡಿಕೊಂಡಿದ್ದರು. ಅವುಗಳಲ್ಲೂ ಹುಲ್ಲು ಸವೆದು ಕೆಂಪು ಮಣ್ಣು ಕಾಣುತ್ತಿತ್ತು.

ಇದು ಹೇಗಾಗುತ್ತದೆಂಬುದು ಸೈಕಲ್ ತುಳಿಯುವವರಿಗೆ ತಿಳಿಯದ ಸಂಗತಿಯೇನಲ್ಲ. ಕಡಿದಾದ ಇಳಿಜಾರಿನಲ್ಲಿ ಹೆದರಿ ಹಿಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಚಕ್ರ ಉರುಳುವುದನ್ನು ಬಿಟ್ಟು ಜಾರುತ್ತದೆ, ಜಾರಿದ ಚಕ್ರ ಮೇಲ್ಮಣ್ಣನ್ನು ಕೆರೆದು ಸಡಿಲ ಮಾಡುತ್ತದೆ, ಸಡಿಲವಾದ ಮಣ್ಣನ್ನು ಮುಂದಿನ ಮಳೆ ಹೊತ್ತೊಯ್ಯುತ್ತದೆ. ದಾರಿ ಗುಡ್ಡಕ್ಕೆ ಅಡ್ಡಲಾಗಿ ಬಳಸಿಕೊಂಡು ಹೋದರೆ ನೀರು ಅದನ್ನು ದಾಟಿ ಪಕ್ಕಕ್ಕೆ ಹರಿದುಹೋಗುತ್ತದೆ. ನೇರ ಕೆಳಗಿಳಿದರೆ ದಾರಿಯೇ ಕಾಲುವೆಯಾಗುತ್ತದೆ. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ಕಡಿದಾಗಿ ದಾರಿ ಇರಬಾರದೆಂಬುದು ಟ್ರೇಲ್ ಕಟ್ಟುವವರ ಒಂದು ಸರಳ ಸೂತ್ರ. ನಮ್ಮ ಮೆಚ್ಚಿನ ಇಳಿಜಾರನ್ನು ಯಾರೂ ಕಟ್ಟಿರಲಿಲ್ಲ. ಯಾರೋ ಒಬ್ಬರು ಮೊದಲು ಇಳಿದರು, ಅವರ ಚಕ್ರದ ಗುರುತಿನ ಮೇಲೆ ನಾವೆಲ್ಲ ಇಳಿದೆವು, ಅಷ್ಟೆ.

ವಾದ ಅಲ್ಲೇ ಶುರುವಾಯಿತು. ಸ್ಪರ್ಧೆಯ ಪರವಾಗಿದ್ದ ಹುಡುಗನೊಬ್ಬ, ಒಂದು ದಿನ 120 ಸೈಕಲ್ ಹೋಗುವುದರಿಂದ ಆಗುವ ಹಾನಿ, ವರ್ಷವಿಡೀ ಮಳೆ ಬಂದ ಮರುದಿನವೇ ಬಂದು ಕೆಸರಿನಲ್ಲಿ ಚಕ್ರ ಜಾರಿಸುವವರು ಮಾಡುವ ಹಾನಿಗಿಂತ ಕಡಿಮೆ ಎಂದ. ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಬಳಗದ ಹಿರಿಯ ಸದಸ್ಯೆಯೊಬ್ಬರು ಕೇಳಿದ ಪ್ರಶ್ನೆಗೆ ಅವನಲ್ಲಿಯೂ ನನ್ನಲ್ಲಿಯೂ ಉತ್ತರವಿರಲಿಲ್ಲ. 2021ರ ಆರಂಭದಲ್ಲಿ ಇದೇ ಗುಡ್ಡದಲ್ಲಿ ಟ್ರೀ ಪಾರ್ಕ್, ಅಂದರೆ ಜನರ ವಿಹಾರಕ್ಕೆ ದಾರಿ ಕಟ್ಟಡಗಳಿರುವ ಉದ್ಯಾನ, ಮಾಡುವ ಯೋಜನೆ ಬಂದಾಗ ಸುತ್ತಲಿನ ನಿವಾಸಿಗಳ ಜೊತೆ ನಾವೂ ಸೈಕಲ್ ಏರಿ ಬಂದು, ಕಾಡನ್ನು ಕಾಡಾಗಿಯೇ ಬಿಡಿ ಎಂಬ ಫಲಕ ಹಿಡಿದು ನಿಂತಿದ್ದೆವು. ಆ ದಿನದ ಚಿತ್ರ ನಮ್ಮ ಅನೇಕರ ಮನೆಯಲ್ಲಿದೆ. "ಆಗ ಬೇಡವೆಂದದ್ದು ಕಾಂಕ್ರೀಟನ್ನೋ, ಜನರನ್ನೋ? ಜನರನ್ನಾದರೆ ನಾವು ಯಾರು?" ಎಂದು ಅವರು ಕೇಳಿದರು.

ಆ ಹೊತ್ತಿಗೆ ಕಾವಲುಗಾರರು ಬಂದರು. ಜಗಳವಾಡುವ ಧ್ವನಿಯೇನೂ ಅವರದಾಗಿರಲಿಲ್ಲ. ಅರಣ್ಯ ಭೂಮಿಯಲ್ಲಿ ಅನುಮತಿಯಿಲ್ಲದೆ ಯಾವ ಕಾರ್ಯಕ್ರಮವನ್ನೂ ಮಾಡುವಂತಿಲ್ಲವೆಂದು ಹೇಳಿ, ಇಷ್ಟು ಮಂದಿ ಒಟ್ಟಿಗೆ ನಿಂತಿರುವುದೇಕೆಂದು ವಿಚಾರಿಸಿದರು. ಕೊರಕಲನ್ನು ತೋರಿಸಿ, ಇದಕ್ಕೊಂದು ಪರಿಹಾರ ಯೋಚಿಸುತ್ತಿದ್ದೇವೆಂದು ನಾನು ಹೇಳಿದೆ. ಅವರು ನನ್ನ ಸೈಕಲಿನ ದಪ್ಪ ಟಯರನ್ನೂ ಕೊರಕಲನ್ನೂ ಒಂದೊಂದು ಸಲ ನೋಡಿ, "ಹೌದು ಸಾರ್, ಯೋಚಿಸಬೇಕಾದ್ದೇ" ಎಂದರು. ಟ್ರೇಲಿನ ಸ್ಪರ್ಧೆಯ ಪ್ರಸ್ತಾಪ ಅಲ್ಲಿಗೆ ಮುಗಿಯಿತು. ಅದನ್ನು ಯಾರೂ ಬಾಯಿಬಿಟ್ಟು ಕೈಬಿಡಲಿಲ್ಲ. ದರ್ಶಿನಿ ತಲುಪುವ ಹೊತ್ತಿಗೆ ಎಲ್ಲರೂ ಕನಕಪುರ ರಸ್ತೆಯ ಮಾತಾಡುತ್ತಿದ್ದರು.

ತಲಘಟ್ಟಪುರದಿಂದ ಕಗ್ಗಲೀಪುರದ ಮೇಲೆ ಹಾರೋಹಳ್ಳಿಗೆ ಹೋಗಿ ಬರುವುದು, ಸುಮಾರು 40 ಕಿಲೋಮೀಟರ್. ಇದಕ್ಕೆ ಯಾರ ತಕರಾರೂ ಇರಲಿಲ್ಲ. ನಾನು ಬೆವರಿಗೆ ಒದ್ದೆಯಾದ ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿ ಓದತೊಡಗಿದೆ. ಟೀ ಶರ್ಟಿಗೆ 42,000, ಪದಕಕ್ಕೆ 18,000, ಚಿಪ್ ಕಟ್ಟಿ ಸಮಯ ಅಳೆಯುವುದಕ್ಕೆ 30,000, ಕಮಾನು, ಬ್ಯಾನರು ಮತ್ತು ಧ್ವನಿವರ್ಧಕಕ್ಕೆ 22,000, ಛಾಯಾಗ್ರಾಹಕರಿಗೆ 12,000, ತಿಂಡಿಗೆ 14,400, ಆಂಬುಲೆನ್ಸಿಗೆ 8,000, ಉಳಿದದ್ದು ನೀರು, ಬೆಂಗಾವಲಿನ ಪೆಟ್ರೋಲು ಮತ್ತು ಇತರೆ. ಇಷ್ಟನ್ನು ಓದಿ ತಲೆಯೆತ್ತಿದಾಗ ಮೆಚ್ಚುಗೆಯ ಬದಲು ಎದುರಿಗಿದ್ದವರ ಮುಖದಲ್ಲಿ ಎರಡು ಬಗೆಯ ಸಿಟ್ಟು ಕಾಣಿಸಿತು.

ಮೊದಲನೆಯದು ಬ್ರೆವೆಯವರದು. ಬ್ರೆವೆ ಎಂದರೆ ನಿಗದಿಪಡಿಸಿದ ಹೊತ್ತಿನೊಳಗೆ ದೂರದ ಹಾದಿಯನ್ನು ಮುಗಿಸುವ, ಆದರೆ ಸ್ಪರ್ಧೆಯಲ್ಲದ ಸವಾರಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಪ್ಯಾರಿಸ್ಸಿನ ಕ್ಲಬ್ಬೊಂದು 1921ರಿಂದ ನಡೆಸಿಕೊಂಡು ಬಂದ ಈ ಪದ್ಧತಿಯಲ್ಲಿ ಸವಾರ ತನ್ನ ಪಾಡಿಗೆ ತಾನು. ಪಂಕ್ಚರ್ ಆದರೆ ತಾನೇ ಹಾಕಿಕೊಳ್ಳಬೇಕು, ಹಸಿವಾದರೆ ತಾನೇ ಹೋಟೆಲು ಹುಡುಕಬೇಕು. ಹಾದಿಯ ಗೊತ್ತಾದ ಸ್ಥಳಗಳನ್ನು ಮುಟ್ಟಿದ್ದಕ್ಕೆ ಒಂದು ಚೀಟಿಯ ಮೇಲೆ ಮುದ್ರೆ ಹಾಕಿಸಿಕೊಂಡರೆ ಸಾಕು. ಮುದ್ರೆ ಹಾಕುವವರಿಲ್ಲದ ಕಡೆ ಅಂಗಡಿಯ ಬಿಲ್ಲೋ ಎ.ಟಿ.ಎಂ. ರಸೀದಿಯೋ ಸಾಕ್ಷಿಯಾಗುತ್ತದೆ. ಕಮಾನಿಲ್ಲ, ಮೈಕಿಲ್ಲ, ಮೊದಲ ಸ್ಥಾನವೂ ಇಲ್ಲ. "ಬೆಳಗಿನ ಜಾವ ಹೊರಟು ಹಾರೋಹಳ್ಳಿ ಮುಟ್ಟಿ ಬರುವುದಕ್ಕೆ ಮೂವತ್ತು ಸಾವಿರದ ಚಿಪ್ಪೇಕೆ? ಅಲ್ಲೊಂದು ಕಾಫಿ ಕುಡಿದ ಬಿಲ್ ತಂದು ತೋರಿಸಿದರಾಯಿತು" ಎಂದು ಅವರಲ್ಲೊಬ್ಬರು ನಕ್ಕರು. ನನಗೆ ಆ ನಗು ಚುಚ್ಚಿತು. ಬ್ರೆವೆಯವರ ಸರಳತೆಯ ಬಗ್ಗೆ ನನಗೆ ಗೌರವವಿದೆ, ಆ ಸರಳತೆಯ ಕುರಿತು ಅವರಿಗಿರುವ ಹೆಮ್ಮೆಯ ಬಗ್ಗೆ ಅಷ್ಟಿಲ್ಲ.

ಎರಡನೆಯ ಸಿಟ್ಟು ಹೊಸದಾಗಿ ಸೇರಿದವರದು. ಸೆಪ್ಟೆಂಬರ್ 22ರಿಂದ ಸೈಕಲಿನ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿತ್ತು. ಅದನ್ನೇ ಕಾದು 40,000 ರೂಪಾಯಿ ಮೂಲ ಬೆಲೆಯ ಗೇರ್ ಸೈಕಲ್ ಕೊಂಡ ಯುವತಿಯೊಬ್ಬಳು ಸಭೆಯಲ್ಲಿದ್ದಳು. ತೆರಿಗೆ ಇಳಿಕೆಯಿಂದ ತನಗೆ 2,800 ರೂಪಾಯಿ ಉಳಿಯಿತೆಂದೂ, ಅದರ ಅರ್ಧವನ್ನು ನಾನು ಒಂದೇ ಬೆಳಿಗ್ಗೆಗೆ ಕೇಳುತ್ತಿದ್ದೇನೆಂದೂ ಆಕೆ ಲೆಕ್ಕ ಹಾಕಿ ತೋರಿಸಿದಳು. ಲೆಕ್ಕ ಸರಿಯಾಗಿತ್ತು. ಅದಕ್ಕೆ ಪ್ರತಿಯಾಗಿ, ಟೀ ಶರ್ಟು ಮತ್ತು ಪದಕ ಇಲ್ಲದಿದ್ದರೆ ಜನ ಬರುವುದಿಲ್ಲ, ಲಕ್ಷಾಂತರ ರೂಪಾಯಿಯ ಕಾರ್ಬನ್ ಸೈಕಲ್ ಇಟ್ಟುಕೊಂಡವರಿಗೆ 1,400 ಒಂದು ಮೊತ್ತವೇ ಅಲ್ಲ ಎಂದು ನಾನು ಹೇಳಿದೆ. ಹೇಳಿದ ಮೇಲೆ, ಆ ಮಾತಿನಲ್ಲಿ ಯಾರನ್ನು ಬರಲಿ ಎನ್ನುತ್ತಿದ್ದೇನೆ, ಯಾರನ್ನು ಬಿಟ್ಟಿದ್ದೇನೆ ಎಂಬುದು ನನಗೇ ಕೇಳಿಸಿತು.

ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದವರು ಬಾಗಲಕೋಟೆ ಕಡೆಯ ಮೇಷ್ಟ್ರು. ಈಗ ಇಲ್ಲೊಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ರಾಜ್ಯದ ಸೈಕ್ಲಿಂಗ್ ಎಂದರೆ ಬೆಂಗಳೂರಿನವರಿಗೆ ನಂದಿ ಬೆಟ್ಟದ ಭಾನುವಾರ. ಆದರೆ ರಾಷ್ಟ್ರೀಯ ಸ್ಪರ್ಧೆಗಳಿಗೆ ಬಹಳಷ್ಟು ಸವಾರರನ್ನು ಕೊಟ್ಟದ್ದು ವಿಜಯಪುರ, ಬಾಗಲಕೋಟೆಯ ಕಡೆಯ ಊರುಗಳು. ಮೇಷ್ಟ್ರು ಹುಡುಗರಾಗಿದ್ದಾಗ ಜಾತ್ರೆಗಳ ಸೈಕಲ್ ಶರ್ಯತ್ತಿನಲ್ಲಿ ಓಡಿಸಿದವರು. ಚಹಾದ ಲೋಟವನ್ನು ಕೆಳಗಿಟ್ಟು ಅವರು ಹೇಳಿದ್ದು ಇಷ್ಟೇ: "ನಮ್ಮೂರಾಗ ಶರ್ಯತ್ತಿಗೆ ಸೈಕಲ್ ಹೊಡ್ಯಾಂವ ರೊಕ್ಕಾ ಕೊಡೂದಿಲ್ರಿ, ನೋಡಾಂವ ಕೊಡ್ತಾನ."

ಆಮೇಲೆ ವಿವರಿಸಿದರು. ಜಾತ್ರೆ ಹತ್ತಿರವಾದಾಗ ಊರಿನವರು ಪಟ್ಟಿ ಎತ್ತುತ್ತಾರೆ, ಅಂದರೆ ಚಂದಾ ಕೂಡಿಸುತ್ತಾರೆ. ಕಿರಾಣಿ ಅಂಗಡಿಯವರು, ಕಬ್ಬಿನ ರೊಕ್ಕ ಕೈಗೆ ಬಂದವರು, ಪುಣೆ ಮುಂಬೈಗಳಲ್ಲಿ ನೌಕರಿಗಿರುವವರು, ಎಲ್ಲರೂ ಕೈಲಾದಷ್ಟು ಕೊಡುತ್ತಾರೆ. ಮೊದಲ ಬಹುಮಾನ ಇಂಥವರದು, ಎರಡನೆಯದು ಇಂಥವರದು ಎಂದು ಹೆಸರು ಹೇಳಿ ಕೂಗುತ್ತಾರೆ. ಶರ್ಯತ್ತಿನ ದಿನ ಡಾಂಬರು ರಸ್ತೆಯ ಎರಡೂ ಬದಿಗೆ ಜನ ನಿಲ್ಲುತ್ತಾರೆ, ಬಿದ್ದವನನ್ನು ಎತ್ತುವವರೂ ನೀರು ಕೊಡುವವರೂ ಅವರೇ. ಹಾಗಾಗಿ ಬೆಂಗಾವಲು, ನೀರಿನ ಮೇಜು, ಮೈಕು ಎಂದು ಬೇರೆ ಬೇರೆ ಖರ್ಚು ಬರೆಯುವ ಪ್ರಶ್ನೆಯೇ ಹುಟ್ಟುವುದಿಲ್ಲ. ಎಲ್ಲ ಕಡೆಯೂ ಹೀಗೇ ಇದೆಯೆಂದು ಅವರು ಹೇಳಲಿಲ್ಲ, ತಮ್ಮ ಊರಿನದನ್ನು ಹೇಳಿದರು.

ನಾಲ್ಕು ವರ್ಷ ಲೆಕ್ಕ ಬರೆದ ನನಗೆ ಇದು ಹೊಳೆದಿರಲಿಲ್ಲ. ನನ್ನ ಪಟ್ಟಿಯಲ್ಲಿ 1,20,000ಕ್ಕೂ ಹೆಚ್ಚು ರೂಪಾಯಿ ಹೋಗುತ್ತಿದ್ದದ್ದು ಒಂದೇ ಕೊರತೆಯನ್ನು ತುಂಬಲಿಕ್ಕೆ: ನಮ್ಮನ್ನು ನೋಡಲು ರಸ್ತೆಯಲ್ಲಿ ಯಾರೂ ಇರುವುದಿಲ್ಲ. ಕಮಾನು, ಮೈಕು, ಸಮಯ ಅಳೆಯುವ ಚಿಪ್ಪು, ಛಾಯಾಗ್ರಾಹಕರು, ಕೊರಳಿನ ಪದಕ, ಮರುದಿನ ಆಫೀಸಿಗೆ ಹಾಕಿಕೊಂಡು ಹೋಗುವ ಟೀ ಶರ್ಟು, ಎಲ್ಲವೂ ಇಲ್ಲದ ಪ್ರೇಕ್ಷಕನ ಬದಲಿಗೆ ನಾವೇ ಬಾಡಿಗೆಗೆ ತರುವ ಕಣ್ಣುಗಳು. ಕನಕಪುರ ರಸ್ತೆಯ ಬದಿಯಲ್ಲಿ ಬೆಳಿಗ್ಗೆ ಆರಕ್ಕೆ ನಿಂತಿರುವ ಹೂವಿನವರಿಗಾಗಲಿ, ಕಾರ್ಖಾನೆಯ ಬಸ್ಸಿಗೆ ಕಾಯುವವರಿಗಾಗಲಿ ನಾವು ಯಾರೆಂದು ಗೊತ್ತಿಲ್ಲ. ನಮಗೂ ಅವರು ಗೊತ್ತಿಲ್ಲ. ಬ್ರೆವೆಯವರ ಪರಿಹಾರ, ನೋಡುವವರೇ ಬೇಡ ಎಂಬುದು. ಮೇಷ್ಟ್ರು ಹೇಳಿದ್ದು ಅದಕ್ಕೆ ತದ್ವಿರುದ್ಧವಾದದ್ದು, ಆದರೂ ಇಬ್ಬರ ದಾರಿಯಲ್ಲೂ ಖರ್ಚು ಹೆಚ್ಚುಕಡಿಮೆ ಒಂದೇ ಆಗಿತ್ತು.

ಇಷ್ಟೆಲ್ಲ ಆದ ಮೇಲೂ ಸಭೆ ಸುಸೂತ್ರವಾಗಿ ಮುಗಿಯಲಿಲ್ಲ. ಹಾಳೆಯ ಮೇಲೆ ಒಂದೊಂದೇ ಸಾಲು ಹೊಡೆಯುತ್ತಾ ಹೋದೆವು. ಆಂಬುಲೆನ್ಸ್ ಮತ್ತು ತಿಂಡಿ ಉಳಿದವು, ನೀರು ಪೆಟ್ರೋಲುಗಳಿಗೆ 7,600 ಉಳಿಯಿತು. ಒಟ್ಟು 30,000, ತಲೆಗೆ 250 ರೂಪಾಯಿ. ಟೀ ಶರ್ಟ್ ಬೇಕೆಂದವರು ಬೇರೆ ಹಣ ಕೊಟ್ಟು ಕೊಳ್ಳಲಿ ಎಂದಾಯಿತು. ಚಿಪ್ ಇಲ್ಲದ ಸ್ಪರ್ಧೆ ಸ್ಪರ್ಧೆಯೇ ಅಲ್ಲವೆಂದು ಇಬ್ಬರು ಎದ್ದುಹೋದರು. ಅವರು ನಿಜಕ್ಕೂ ವೇಗದ ಸವಾರರು, ಅವರ ಬೇಸರ ಸುಳ್ಳಲ್ಲ. ಸೆಕೆಂಡಿನ ಲೆಕ್ಕಕ್ಕಾಗಿ ವರ್ಷವಿಡೀ ಬೆವರು ಸುರಿಸಿದವರಿಗೆ ಕಾಫಿ ಬಿಲ್ಲಿನ ತಮಾಷೆ ಅವಮಾನವೇ. ಅವರನ್ನು ತಡೆಯಲು ನನಗೆ ಒಳ್ಳೆಯ ಮಾತು ಸಿಗಲಿಲ್ಲ.

ಅಂದು ನಾನು ಹೇಳದೆ ಉಳಿದ ಸಂಗತಿಯೊಂದಿತ್ತು. ಸಭೆ ಒಪ್ಪಿಯೇ ಒಪ್ಪುತ್ತದೆಂಬ ಭರವಸೆಯಲ್ಲಿ ಪದಕ ಮಾಡುವವರಿಗೆ ಹಿಂದಿನ ವಾರವೇ 6,000 ರೂಪಾಯಿ ಮುಂಗಡ ಕೊಟ್ಟುಬಿಟ್ಟಿದ್ದೆ. ಅಚ್ಚು ಸಿದ್ಧವಾಗಿರುವುದರಿಂದ ಹಣ ಮರಳುವುದಿಲ್ಲವೆಂದು ಅವರು ಫೋನಿನಲ್ಲಿ ಹೇಳಿದರು. ರಾತ್ರಿ ಲೆಕ್ಕಪುಸ್ತಕ ತೆರೆದು, ಅದನ್ನು ಬಳಗದ ಖರ್ಚಿಗೆ ಬರೆಯಲು ಮನಸ್ಸಾಗದೆ ನನ್ನ ಹೆಸರಿಗೇ ಬರೆದುಕೊಂಡೆ. ಹೆಂಡತಿಗೆ ಇನ್ನೂ ಹೇಳಿಲ್ಲ.

ಎರಡು ದಿನ ಬಿಟ್ಟು ಮೇಷ್ಟ್ರು ನನ್ನ ಫೋನಿಗೆ 500 ರೂಪಾಯಿ ಕಳಿಸಿದರು. ಶುಲ್ಕ 250 ಮಾತ್ರವೆಂದು ನಾನು ಉತ್ತರಿಸಿದೆ. ಆ ದಿನ ತಾನು ಸೈಕಲ್ ತುಳಿಯುವುದಿಲ್ಲ, ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು ಹಾರೋಹಳ್ಳಿಯ ತಿರುವಿನಲ್ಲಿ ನಿಲ್ಲುತ್ತೇನೆ, ಇದು ಪಟ್ಟಿ ಎಂದು ಅವರು ಬರೆದರು. ನನ್ನ ಪುಸ್ತಕದ ಜಮಾ ಪುಟದಲ್ಲಿ ನೋಂದಣಿ ಎಂಬ ಒಂದೇ ಕಾಲಂ ಇತ್ತು. ಅದರ ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದೆ.